ಖಾಲಿ ಬಿಟ್ಟ ಒಂದು ಸಾಲು

ತಮ್ಮಾ,

ಮೂರನೇ ಕ್ಲಾಸಿಗೇ ಶಾಲೆ ಬಿಟ್ಟ ನನ್ನ ಕೈಗೆ ಪೆನ್ನು ಕೊಟ್ಟು ಕೂರಿಸಿದ್ದಾರೆ, ಎಲ್ಲ ನಿನ್ನಿಂದ. ನಿನ್ನನ್ನು ಕೊಂದವನು ಜೈಲಿನಿಂದ ಬೇಗ ಬಿಡಿ ಎಂದು ಅರ್ಜಿ ಹಾಕಿದ್ದಾನೆ. ಈಗ ಮನೆಯವರ ಮಾತೂ ಬೇಕಂತೆ. ಕೇಸು ನಡೆದಷ್ಟು ದಿನ ಹಿಂದಿನ ಬೆಂಚಿನಲ್ಲಿ ಕೂತಿದ್ದ ನನ್ನನ್ನು ಒಬ್ಬರೂ ಕೇಳಿರಲಿಲ್ಲ.

ಇವತ್ತು ಕೋರ್ಟಿನ ಗುಮಾಸ್ತ ಫಾರಂ ಕೊಟ್ಟ. "ಸಿಟ್ಟು ಬರೀಬೇಡಿ ಯಜಮಾನ್ರೇ, ಏನು ಕಳ್ಕೊಂಡ್ರಿ ಅಷ್ಟೇ ಬರೀರಿ."

"ಕಳ್ಕೊಂಡಿದ್ದು ಕೊಡೆ ಅಲ್ಲಪ್ಪಾ," ಅಂದೆ.

ಮೃತರೊಡನೆ ಕೊನೆಯ ಸಲ ಮಾತಾಡಿದ್ದು ಯಾವಾಗ ಎಂಬ ಸಾಲು ಮಾತ್ರ ಖಾಲಿ ಇದೆ. ನೀನು ಕೊಲೆಯಾದ ದಿನ ನನ್ನ ಬಾಗಿಲು ಬಡಿದವನು ನೀನೇ ಎಂದು ನನಗೆ ಗೊತ್ತಿತ್ತು. ಮಾತು ಬಿಟ್ಟು ವರ್ಷವಾಗಿತ್ತು, ಚಿಲಕ ತೆಗೆಯಲಿಲ್ಲ. ಇದನ್ನು ಬರೆದರೆ ಅವನ ವಕೀಲ ನನ್ನನ್ನೇ ಹಿಡಿಯುತ್ತಾನೆ. ಬರೆಯದಿದ್ದರೆ, ಅವನನ್ನು ಬಿಡಬೇಡಿ ಅನ್ನಲು ನನಗೆ ಬಾಯಿಲ್ಲ.

ಹದಿನಾಲ್ಕನೇ ತಾರೀಖಿಗೆ ಫಾರಂ ಕೊಡಬೇಕು. ಬರೆಯಲೋ ಬೇಡವೋ, ಹದಿಮೂರರೊಳಗೆ ಹೇಳು.