ಏನ್ ತಿಂದ್ರಿ?

ಫೆಬ್ರವರಿ 4, ಬೆಳಿಗ್ಗೆ

ಇವರಿಗೆ ಮಾತ್ರೆ ನುಂಗಿಸಿಯಾಯಿತು. ಕಿತ್ತಳೆ ಬಣ್ಣದ ವಿಟಮಿನ್ ಸಿ, ಜೊತೆಗೆ ಝಿಂಕ್‌ನ ಬಿಳಿ ಮಾತ್ರೆ. ಕೈಗೆ ಕೊಟ್ಟು ಅಡುಗೆಮನೆಗೆ ಹೋದರೆ ಮುಗಿಯಿತು, "ಅಯ್ಯೋ ಮರೆತೆ" ಅನ್ನುತ್ತಾರೆ. ಅದಕ್ಕೇ ಎದುರು ನಿಂತು ನುಂಗಿಸುವುದು.

"ಬಾಯಿ ತೆಗೀರಿ. ನಾಲಿಗೆ ಎತ್ತಿ."

"ನಾನೇನು ನಿನ್ನ ಬಸ್ಸಿನ ಪ್ಯಾಸೆಂಜರಾ?"

"ಪ್ಯಾಸೆಂಜರ್ ಆಗಿದ್ರೆ ದಂಡ ಹಾಕಿ ಇಳಿದು ಹೋಗ್ತಿದ್ದೆ. ಗಂಡ ಆಗಿಬಿಟ್ರಿ, ಏನ್ ಮಾಡ್ಲಿ?"

ನಕ್ಕರು. ಮುಂಗೈ ಮೇಲಿನ ಸುಟ್ಟ ಗಾಯ ಇನ್ನೂ ಹಸಿಯಾಗೇ ಇದೆ. ಬೇಕರಿಯಲ್ಲಿ ಓವನ್‌ನಿಂದ ಟ್ರೇ ಎಳೆಯುವಾಗ ತಾಗಿದ್ದು. ಬೇರೆಯವರಿಗಾದರೆ ವಾರದಲ್ಲಿ ಒಣಗುತ್ತಿತ್ತು. ಶುಗರ್ ಇರುವ ಮೈ, ಏನು ಮಾಡುವುದು... ಗಾಯ ಮಾಯಲು ಸಿ, ಝಿಂಕ್ ಒಳ್ಳೆಯದು, ದಿನಕ್ಕೊಂದು ಸಾಕು ಅಂತ ಮೆಡಿಕಲ್ ಶಾಪಿನವನು ಕೊಟ್ಟ. ಒಂದು ಒಳ್ಳೆಯದಾದರೆ ಎರಡು ಇನ್ನೂ ಒಳ್ಳೆಯದು. ಬೆಳಿಗ್ಗೆ ಒಂದು, ರಾತ್ರಿ ಒಂದು ಕೊಡುತ್ತಿದ್ದೇನೆ.

ತೋಳಿಗೆ ಸೆನ್ಸರ್ ಅಂಟಿಸಿದ್ದು ಒಳ್ಳೆಯದಾಯಿತು. ಕೋಟಿನ ಗುಂಡಿಯಷ್ಟಿದೆ. ಬೆರಳು ಚುಚ್ಚುವ ಗೋಳಿಲ್ಲ. ಇವರ ಶುಗರ್ ಎಷ್ಟು ಅಂತ ಕೂತಲ್ಲೇ ನನ್ನ ಫೋನಿನಲ್ಲಿ ಕಾಣುತ್ತದೆ. ಬೆರಳು ಚುಚ್ಚುವ ಹಳೆಯ ಮಷಿನ್ ಪಕ್ಕದ ಮನೆಯ ಅಜ್ಜಿಗೆ ಕೊಟ್ಟುಬಿಟ್ಟೆ. ಇನ್ನು ಯಾರಿಗೆ ಬೇಕು ಅದು.

ಫೆಬ್ರವರಿ 6, ಮಧ್ಯಾಹ್ನ, ಡಿಪೋ

ಹನ್ನೊಂದಕ್ಕೆ ಫೋನ್ ಕುಯ್ಯೋ ಅಂತು. ಶುಗರ್ 240! ಬಸ್ಸಿನ ಮಧ್ಯದಲ್ಲಿದ್ದೆ. ಅಲ್ಲಿಂದಲೇ ಫೋನ್ ಹಚ್ಚಿದೆ.

"ಏನ್ ತಿಂದ್ರಿ?"

"ಏನೂ ಇಲ್ಲ ಕಣೇ. ನೀನು ಕಟ್ಟಿಕೊಟ್ಟ ಡಬ್ಬಿ ಇನ್ನೂ ತೆಗೆದೇ ಇಲ್ಲ."

"ತಿನ್ನದೇ ಅದು ಹೆಂಗೆ ಏರುತ್ತೆ? ಗಾಳಿ ಕುಡಿದ್ರಾ?"

ಬೇಕರಿಯಲ್ಲಿ ಇಪ್ಪತ್ತು ವರ್ಷದಿಂದ ಓವನ್ ಮುಂದೆ ನಿಂತವರು. ಬೆಕ್ಕನ್ನು ಹಾಲಿಗೆ ಕಾವಲು ಇಟ್ಟ ಹಾಗೆ. ಬಿಸಿಬಿಸಿ ಬಿಸ್ಕತ್ತು ಹೊರಗೆ ಬಂದಾಗ ಒಂದು ಚೂರು ಬಾಯಿಗೆ ಹಾಕಿಕೊಳ್ಳಲಿಲ್ಲ ಅಂದರೆ ಯಾರು ನಂಬುತ್ತಾರೆ?

ನನ್ನ ಜೊತೆ ಟಿಕೆಟ್ ಚೆಕಿಂಗ್‌ಗೆ ಬರುವ ಲಂಬು ಮಾತ್ರ ನಂಬುತ್ತಾನೆ. "ಅಕ್ಕಾ, ಭಾವ ಸುಳ್ಳು ಹೇಳೋ ಪೈಕಿ ಅಲ್ಲ." ಇವನಿಗೇನು ಗೊತ್ತು. ಟಿಕೆಟ್ ಇಲ್ಲದವರನ್ನು ನಾನು ಬಸ್ ಹತ್ತುವ ಮೊದಲೇ ಗುರುತಿಸುತ್ತೇನೆ. ನಮ್ಮನ್ನು ಕಂಡ ತಕ್ಷಣ ಕಿಟಕಿಯಾಚೆ ನೋಡುತ್ತಾರೆ, ಕೇಳುವ ಮೊದಲೇ ಜೇಬು ತಡಕುತ್ತಾರೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವ ಜನ. ನಿನ್ನೆ ರಾತ್ರಿ ಇವರೂ ಕಿಟಕಿಯಾಚೆ ನೋಡುತ್ತಿದ್ದರು.

ಫೆಬ್ರವರಿ 9

ಡಾಕ್ಟರಮ್ಮನ ಹತ್ತಿರ ಹೋಗಿ ಬಂದೆವು. ಫೋನಿನಲ್ಲಿದ್ದ ಗ್ರಾಫ್ ನೋಡಿದರು. ಇಡೀ ವಾರ ಮೇಲೆ ಮೇಲೆ. ಹೊಟ್ಟೆಗೆ ಚುಚ್ಚಿಕೊಳ್ಳುವ ಇನ್ಸುಲಿನ್ ಜಾಸ್ತಿ ಮಾಡಿದರು.

"ಬೇರೆ ಯಾವುದಾದ್ರೂ ಔಷಧಿ ತಗೋತಿದ್ದೀರಾ?"

"ಇಲ್ಲ ಡಾಕ್ಟ್ರೇ" ಅಂದೆ. ಇನ್ನೇನು ಹೇಳಲಿ. ಬೇರೆ ಯಾವ ಔಷಧಿಯೂ ಇಲ್ಲ.

"ಎಲ್ಲಿ ಕೆಲಸ?" ಅಂದರು. ಇವರು ಮೆಲ್ಲಗೆ "ಬೇಕರಿ" ಅಂದರು. ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನಕ್ಕರು. ಬಾಗಿಲ ಬಳಿ ನಿಂತಿದ್ದ ನರ್ಸ್ ಕೂಡ ನಕ್ಕಳು. ನಾನೂ ನಕ್ಕೆ. ಇವರು ಚೀಟಿ ಮಡಚಿ ಜೇಬಿಗಿಟ್ಟುಕೊಂಡರು.

ಫೆಬ್ರವರಿ 10

ಒಗೆಯುವ ಮೊದಲು ಅಂಗಿ ಜೇಬೆಲ್ಲ ತಡಕಿದೆ. ಬಿಸ್ಕತ್ತಿನ ಪುಡಿ! ಮುಖಕ್ಕೆ ಹಿಡಿದೆ.

"ಬೇಕರಿಯವನ ಜೇಬಲ್ಲಿ ಪುಡಿ ಇಲ್ದೆ ಬಂಗಾರ ಇರುತ್ತಾ? ನಿನ್ನಾಣೆಗೂ ತಿಂದಿಲ್ಲ."

"ನನ್ನಾಣೆ ಹಾಕ್ಬೇಡಿ. ನಾನು ಇನ್ನೂ ಸ್ವಲ್ಪ ದಿನ ಬದುಕಬೇಕು."

ಅನ್ನಬಾರದಿತ್ತು. ಆದರೆ ಮಾತು ವಾಪಸ್ ತೆಗೆದುಕೊಳ್ಳುವ ಜಾಯಮಾನ ನನ್ನದಲ್ಲ.

ಫೆಬ್ರವರಿ 15

ಗಾಯದ ಅಂಚು ಕಪ್ಪಾಗಿದೆ. ನನ್ನಣ್ಣನಿಗೂ ಹೀಗೇ ಶುರುವಾಗಿದ್ದು. ಹೆಬ್ಬೆರಳಿನಲ್ಲಿ ಒಂದು ಚಪ್ಪಲಿ ಕಡಿತ, ಅಷ್ಟೇ. ಆಮೇಲೆ ಬೆರಳು ಹೋಯಿತು, ಪಾದ ಹೋಯಿತು, ಮಳೆಗಾಲ ಮುಗಿಯುವಷ್ಟರಲ್ಲಿ ಅಣ್ಣನೇ ಹೋದ. ಅತ್ತಿಗೆ ಕೊನೆಯ ಜೊತೆ ಚಪ್ಪಲಿಯನ್ನು ಇನ್ನೂ ಬಿಸಾಕಿಲ್ಲ.

ನನ್ನಿಂದಾಗುವುದಿಲ್ಲ. ಇವರಿಲ್ಲದ ಮನೆಗೆ ಬೀಗ ತೆಗೆದು ಒಳಗೆ ಹೋಗುವುದು ನನ್ನಿಂದಾಗುವುದಿಲ್ಲ. ಬೈಯುತ್ತೇನೆ, ಹೌದು. ಬೈಯದೆ ಇನ್ನೇನು ಮಾಡಲಿ? ಕಾಲಿಗೆ ಬೀಳಲಾ?

ವಿಟಮಿನ್ ಸಿ ಹೊಸ ಡಬ್ಬಿ ತಂದೆ. ಇನ್ನೂ ಸ್ಟ್ರಾಂಗ್ ಇರುವುದು. ಇಂದಿನಿಂದ ಮೂರು ಹೊತ್ತು. ಮಧ್ಯಾಹ್ನದ್ದನ್ನು ಊಟದ ಡಬ್ಬಿಯಲ್ಲೇ ಇಟ್ಟು, ಫೋನಿನಲ್ಲಿ ಕೇಳಿ ನುಂಗಿಸುತ್ತೇನೆ. ಅದಾದರೂ ಕಾಪಾಡಲಿ.

ಫೆಬ್ರವರಿ 17, ಸಂಜೆ

ಸಿಕ್ಕಿಬಿದ್ದರು.

ನಮ್ಮ ರೂಟ್ ಬೇಕರಿಯ ಬೀದಿಯಲ್ಲೇ ಇತ್ತು. ಲಂಬುಗೆ ಹೇಳಿ ಇಳಿದೆ. ಹಿಂದಿನ ಬಾಗಿಲಿನಿಂದ ಒಳಗೆ ಹೋದೆ. ಓವನ್ ಪಕ್ಕ ಹಿಟ್ಟಿನ ಮೂಟೆಗೆ ಒರಗಿ ಕೂತಿದ್ದಾರೆ. ಎರಡೂ ಕೈಯಲ್ಲಿ ಬಿಸ್ಕತ್ತು, ಬಾಯಿ ತುಂಬ ಬಿಸ್ಕತ್ತು, ಕತ್ತಿನಿಂದ ಬೆವರು ಧಾರಾಕಾರ. ಫೋನ್ ತೆಗೆದು ನೋಡಿದೆ. 225.

ಮೈ ಉರಿದುಹೋಯಿತು. ಏನು ಬೈದೆ ಅಂತ ಪೂರ್ತಿ ನೆನಪಿಲ್ಲ. ಕೌಂಟರಿನಲ್ಲಿದ್ದ ಗಿರಾಕಿಗಳಿಗೂ ಕೇಳಿಸಿತು. ಬೇಕರಿ ಯಜಮಾನರು ಓಡಿಬಂದರು. ಕೆಲಸದವರೆಲ್ಲ ಸುತ್ತ ನಿಂತರು.

"ಕೈ ನಡುಗ್ತಿತ್ತು ಕಣೇ" ಅಂದರು. ಬಾಯಲ್ಲಿ ಇನ್ನೂ ಪುಡಿ. "ಕಣ್ಣಿಗೆ ಕತ್ತಲೆ ಬಂತು. ಶುಗರ್ ಇಳಿದಿದೆ ಅನ್ನಿಸ್ತು. ತಿಂದ್ಮೇಲೆ ಸರಿಹೋಯ್ತು."

"ಸರಿಹೋಗದೆ ಇನ್ನೇನು? ಕುಡುಕನಿಗೂ ಕುಡಿದ್ಮೇಲೇ ಸರಿಹೋಗೋದು! ಇಲ್ಲಿ ನೋಡಿ, ಇಳಿದಿರೋದು. ಇನ್ನೂರ ಇಪ್ಪತ್ತೈದು!"

ಫೋನನ್ನು ಅವರ ಮೂಗಿಗೇ ಹಿಡಿದೆ. ನಂಬರ್ ನೋಡಿದರು. ಮತ್ತೆ ನೋಡಿದರು. ಕೈಯಲ್ಲಿದ್ದ ಬಿಸ್ಕತ್ತನ್ನು ಟ್ರೇಗೆ ವಾಪಸ್ ಇಟ್ಟರು. "ಹಂಗಾದ್ರೆ ನಂಗೇ ಏನೋ ಆಗಿದೆ" ಅಂದರು.

ನಾಚಿಕೆಯಾದ ಕಳ್ಳರು ಹೀಗೇ ಮಾತನಾಡುವುದು. ಇಷ್ಟು ದಿನ ನನ್ನನ್ನು ಮಂಗ ಮಾಡಿದ್ದರಲ್ಲ, ಅದೇ ಸಂಕಟ.

ಫೆಬ್ರವರಿ 23

ಐದಾರು ದಿನ ಬರೆಯಲಿಲ್ಲ. ಬರೆಯುವಂಥದ್ದು ಏನೂ ಇರಲಿಲ್ಲ.

ಯಜಮಾನರಿಗೆ ಹೇಳಿ ಇವರನ್ನು ಓವನ್‌ನಿಂದ ಬಿಡಿಸಿದೆ. ಈಗ ಗೋಡೌನ್. ಮೂಟೆ ಎಣಿಸುವುದು, ಹಿಟ್ಟು ಜರಡಿ ಹಿಡಿಯುವುದು. ಮರುದಿನವೇ ಹೋಗಿ ಜರಡಿ ಹಿಡಿದರು. ಜಗಳವಾಡಿದ್ದರೆ ಚೆನ್ನಾಗಿತ್ತು.

ಈಗ ಎಲ್ಲದಕ್ಕೂ ನನ್ನನ್ನು ಕೇಳುತ್ತಾರೆ. ಅದೂ ಅಣಕಕ್ಕಲ್ಲ, ನಿಜವಾಗಿಯೂ. "ಅರ್ಧ ಬಾಳೆಹಣ್ಣು ತಿನ್ನಲಾ?" "ಟೀಗೆ ಸಕ್ಕರೆ ಇಲ್ಲ ಅಲ್ವಾ, ನೀನೇ ಒಂದ್ಸಲ ನೋಡು." ಬೆಳಿಗ್ಗೆ ದಿಂಬು ಒದ್ದೆಯಾಗಿರುತ್ತದೆ. ಅತ್ತರಾ ಅಂದುಕೊಂಡೆ. ಅಲ್ಲ, ಬೆವರು. ಪ್ಯಾಂಟು ಸಡಿಲವಾಗಿ ಬೆಲ್ಟಿಗೆ ಹೊಸ ತೂತು ಹಾಕಿಸಿದ್ದಾರೆ. ಹೆಸರುಗಳು ಮರೆಯುತ್ತಿವೆ. ನಿನ್ನೆ ನನ್ನ ಹೆಸರಿಗೂ ಒಂದು ಕ್ಷಣ ತಡಕಿದರು.

ಆದರೂ ನಂಬರ್ ಇಳಿಯದು. ಬಾಯಿ ಕಟ್ಟಿಸಿದ್ದಾಯಿತು, ಕಾವಲು ಹಾಕಿದ್ದಾಯಿತು, ಇನ್ನು ಯಾವ ಬಿಲದಿಂದ ಬರುತ್ತಿದೆ ಇದು? ಇವತ್ತು ಖಾಲಿ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಅತ್ತೆ. ಲಂಬು ನೋಡಿದರೂ ನೋಡದವನ ಹಾಗೆ ಮುಂದಿನ ಬಾಗಿಲಲ್ಲೇ ನಿಂತಿದ್ದ.

ಫೆಬ್ರವರಿ 26

ಡಾಕ್ಟರಮ್ಮನಿಗೆ ಫೋನ್ ಮಾಡಿ ನಂಬರ್ ಓದಿ ಹೇಳಿದೆ. ಇನ್ಸುಲಿನ್ ಇನ್ನೂ ಸ್ವಲ್ಪ ಏರಿಸಿ ಅಂದರು. ಇವರಿಗೆ ಹೇಳಿದೆ.

"ನೀನು ಹೇಳಿದಷ್ಟು" ಅಂದು ಅಂಗಿ ಎತ್ತಿ ಕೂತರು. ಚುಚ್ಚುವಾಗ ಇವರ ಕೈ ನಡುಗುತ್ತಿತ್ತು. ಇನ್ಸುಲಿನ್ ಪೆನ್ನನ್ನು ನಾನೇ ಹಿಡಿದೆ. ನಾನೇ ಒತ್ತಿದೆ.

ಫೆಬ್ರವರಿ 28, ಮಧ್ಯಾಹ್ನ 3.40, ಆಸ್ಪತ್ರೆ

ಕೈಗೆ ಏನಾದರೂ ಬೇಕು, ಅದಕ್ಕೇ ಬರೆಯುತ್ತಿದ್ದೇನೆ. ಇಲ್ಲದಿದ್ದರೆ ತಲೆ ಗೋಡೆಗೆ ಚಚ್ಚಿಕೊಂಡೇನು.

ಗೋಡೌನ್‌ನಲ್ಲಿ ಬಿದ್ದಿದ್ದರು. ಪ್ರಜ್ಞೆ ಇಲ್ಲ. ಬೇಕರಿ ಯಜಮಾನರೇ ಕಾರಿನಲ್ಲಿ ಹಾಕಿಕೊಂಡು ಬಂದರು. ಅವರು ಹೇಳಿದ್ದು: "ಮಧ್ಯಾಹ್ನದಿಂದ ಗಡಗಡ ನಡುಗ್ತಿದ್ರಮ್ಮ. ಸಕ್ಕರೆ ಹಾಕಿದ ಟೀ ಕೊಡೋಕೆ ಹೋದೆ. ಬೇಡ, ಮನೇಲಿ ಕೇಳ್ಬೇಕು ಅಂದ್ರು. ನಿಮಗೆ ಫೋನ್ ಮಾಡ್ತಾನೇ ಇದ್ರು."

ಮಾಡಿದ್ದರು. ನಾನು ಕಟ್ ಮಾಡಿದೆ. ಟಿಕೆಟ್ ಇಲ್ಲದ ಒಬ್ಬಳ ಜೊತೆ ವಾದಕ್ಕಿಳಿದಿದ್ದೆ. ಮತ್ತೆ ಬಂತು, ಮತ್ತೆ ಕಟ್ ಮಾಡಿದೆ. ಬಾಳೆಹಣ್ಣು ಕೇಳಲು ಇರಬೇಕು ಅಂದುಕೊಂಡೆ.

ನರ್ಸ್ ಬೆರಳು ಚುಚ್ಚಿ ನೋಡಿ ಕಿರುಚಿದ ಹಾಗೆ ಹೇಳಿದಳು — 31. "ಇಲ್ಲಮ್ಮಾ, ತಪ್ಪಿರಬೇಕು" ಅಂತ ನಾನು ಫೋನ್ ತೋರಿಸಿದೆ. ಅದರಲ್ಲಿ 190 ಇತ್ತು. ಇನ್ನೊಂದು ಬೆರಳು ಚುಚ್ಚಿದಳು. 30.

ಇಲ್ಲಿನ ಡಾಕ್ಟರ್ ಒಬ್ಬ ವಯಸ್ಸಾದವರು. ಗ್ಲೂಕೋಸ್ ಹಾಕಿಸುತ್ತಲೇ ತಿರುಗಿ ಕೇಳಿದರು. "ಬೇರೆ ಏನ್ ಕೊಡ್ತಿದ್ದೀರಿ?"

"ಏನೂ ಇಲ್ಲ."

"ಔಷಧಿ ಕೇಳ್ತಿಲ್ಲ. ವಿಟಮಿನ್? ಟಾನಿಕ್?"

ಬ್ಯಾಗಿನಿಂದ ಡಬ್ಬಿ ತೆಗೆದು ಕೊಟ್ಟೆ. ಓದಿದರು. ಎಷ್ಟು ಅಂದರು. ಮೂರು ಹೊತ್ತು ಅಂದೆ.

"ಅಮ್ಮಾ, ವಿಟಮಿನ್ ಸಿ ಜಾಸ್ತಿ ಹೋದ್ರೆ ಕೆಲವು ಸೆನ್ಸರ್‌ಗಳು ಮೋಸ ಹೋಗ್ತವೆ. ಅದನ್ನೇ ಸಕ್ಕರೆ ಅಂತ ಓದ್ತವೆ. ಇವರ ಕಿಡ್ನಿ ಬೇರೆ ಸರಿಯಾಗಿ ಕೆಲಸ ಮಾಡ್ತಿಲ್ಲ ಅನ್ಸುತ್ತೆ, ಆ ವಿಟಮಿನ್ ಮೈಯಲ್ಲೇ ಉಳಿದಿದೆ. ಇಲ್ಲದ ಸಕ್ಕರೆಗೆ ನೀವು ಇನ್ಸುಲಿನ್ ಹಾಕ್ತಾ ಹೋಗಿದ್ದೀರಿ. ಮೈ ಒಂದು ಹೇಳಿ ಮಷಿನ್ ಇನ್ನೊಂದು ಹೇಳಿದಾಗ ಬೆರಳು ಚುಚ್ಚಿ ನೋಡ್ಬೇಕಿತ್ತು."

ಬೆರಳು ಚುಚ್ಚುವ ಮಷಿನ್. ಪಕ್ಕದ ಮನೆಯಲ್ಲಿದೆ.

ಅಂದರೆ ತಿಂದೇ ಇರಲಿಲ್ಲ. ಒಂದು ಚೂರೂ. ಅವತ್ತು ಓವನ್ ಪಕ್ಕ ತಿಂದಿದ್ದು ಜೀವ ಉಳಿಸಿಕೊಳ್ಳಲು. ಅದನ್ನೂ ನಾನು ಬಾಯಿಂದ ಕಿತ್ತುಕೊಂಡೆ.

ಸಂಜೆ 5

ಇನ್ನೂ ಎಚ್ಚರವಾಗಿಲ್ಲ. ಶುಗರ್ ಮೇಲೆ ಬಂದಿದೆಯಂತೆ. ಆದರೂ ಎಚ್ಚರವಾಗಿಲ್ಲ. "ಮೆದುಳಿಗೆ ಎಷ್ಟು ಹೊತ್ತು ಸಕ್ಕರೆ ಸಿಕ್ಕಿಲ್ಲವೋ ಗೊತ್ತಿಲ್ಲ. ಕಾಯೋಣ" ಅಂದರು ಡಾಕ್ಟರ್. ಕಾಯೋಣ ಅಂತೆ. ಅವರಿಗೇನು, ಹೇಳಿ ಪಕ್ಕದ ಮಂಚಕ್ಕೆ ಹೋದರು.

ನನಗೆ ಹೊತ್ತು ಗೊತ್ತು. ಮೊದಲ ಫೋನ್ ಕಟ್ ಮಾಡಿದ ಹೊತ್ತು ನನ್ನ ಫೋನಿನಲ್ಲೇ ಇದೆ. ನೋಡುವ ಧೈರ್ಯವಿಲ್ಲ.

ರೀ, ಏಳಿ. ಎದ್ದು ಬೈಯಿರಿ. ಕೆನ್ನೆಗೆ ಬಾರಿಸಿ ಬೇಕಾದರೆ. ಇಡೀ ಬೇಕರಿಯ ಮುಂದೆ ನಾನು ನಿಮ್ಮ ಕಾಲು ಹಿಡಿಯುತ್ತೇನೆ, ಗಿರಾಕಿಗಳೂ ಇರಲಿ. ಓವನ್ ಮುಂದೆ ಮತ್ತೆ ನಿಲ್ಲಿ. ಎದ್ದ ಮೇಲೆ ಹೇಗೆ ಶುರುಮಾಡಲಿ? ತಪ್ಪಾಯಿತು ಅಂತಲೇ? ಆ ಮಾತನ್ನು ಈ ಬಾಯಿ ಯಾವತ್ತು ಆಡಿದೆ... ಹತ್ತು ಸಲ ಹೇಳಿ ನೋಡಿಕೊಂಡೆ. ಪಕ್ಕದ ಮಂಚದವರು ತಿರುಗಿ ನೋಡಿದರು. ನೋಡಲಿ.

ಅತಿಯಾದರೆ ಅಮೃತವೂ ವಿಷ ಅನ್ನುವುದನ್ನು ಹುಟ್ಟಿದಾಗಿನಿಂದ ಕೇಳಿದ್ದೇನೆ. ಕೇಳಿ ಏನು ಬಂತು ಭಾಗ್ಯ.

ಸಂಜೆ 6

ಬೆರಳು ಆಡಿತು! ನರ್ಸನ್ನು ಕೂಗಿದೆ. ರೆಪ್ಪೆ ಎತ್ತಿದರು. ಸೀಲಿಂಗ್ ನೋಡಿದರು, ನನ್ನನ್ನು ನೋಡಿದರು. ಗುರುತು ಸಿಕ್ಕಿತು, ದೇವರೇ, ಗುರುತು ಸಿಕ್ಕಿತು. ಹತ್ತು ಸಲ ಹೇಳಿಕೊಂಡಿದ್ದ ಮಾತು ಹೇಳಲು ಬಾಯಿ ತೆಗೆದೆ.

ಇವರ ಕಣ್ಣು ಮೆಲ್ಲಗೆ ಮೇಲೆ ಹೋಯಿತು. ತೂಗುಹಾಕಿದ್ದ ಬಾಟಲಿ. ಅಲ್ಲಿಂದ ಕೈಗೆ ಬಂದಿದ್ದ ಟ್ಯೂಬು. ಮುಖ ಬಿಳಿಚಿಕೊಂಡಿತು. ಟ್ಯೂಬಿದ್ದ ಕೈಯನ್ನು ಹೊದಿಕೆಯೊಳಗೆ ಎಳೆದುಕೊಳ್ಳಲು ನೋಡಿದರು.

"ಗ್ಲೂಕೋಸ್ ಅವರೇ ಹಾಕಿದ್ದು ಕಣೇ" ಅಂದರು. "ನಾನು ಕೇಳಿಲ್ಲ."

ನಾನು ಅವರ ಕೈ ಹಿಡಿದು "ತಪ್ಪಾಯ್ತು ರೀ" ಅಂದೆ.