ಬಿಸಿಯಾಗದ ಬೋರ್ಡು

ಮಾರ್ಚ್ ೧೧, ಮಂಗಳವಾರ

ನಾವು ತಯಾರಿಸುತ್ತಿರುವ ಮೊಬೈಲ್ ಆ್ಯಂಟೆನಾದ ಬೋರ್ಡು ಇವತ್ತು ಬಿಸಿಯಾಗಲಿಲ್ಲ. ಸಾಹೇಬರು ಖುಷಿಯಿಂದ ಎಲ್ಲರಿಗೂ ಚಹಾ ತರಿಸಿದರು. ನನ್ನದು ಮೇಜಿನ ಮೇಲೇ ಆರಿತು.

ಆ್ಯಂಟೆನಾ ಒಂದೊಂದು ಫೋನನ್ನೂ ಬೇರೆ ಮಾಡಿ ಗುರುತಿಸುವ ಲೆಕ್ಕ ಬರೆಯುವುದು ನನ್ನ ಕೆಲಸ, ಬೋರ್ಡನ್ನು ತಂಪಾಗಿಡುವುದು ಪಕ್ಕದ ಮೇಜಿನ ಅವನದು. ಪರೀಕ್ಷೆಗೆ ಕೆಳಗಿನ ರಸ್ತೆಯಲ್ಲಿ ಫೋನು ಹಿಡಿದು ನಡೆಯುವವರೂ ನಾವಿಬ್ಬರೇ. ಪ್ರತಿಸಲ ಬೋರ್ಡು ಕಾದಾಗಲೂ ಸಾಹೇಬರು ಗೊಣಗುತ್ತಿದ್ದರು: “ನೀವಿಬ್ರೂ ಹೀಗೆ ಅಂಟ್ಕೊಂಡು ನಡೆದ್ರೆ, ಯಾವ ಫೋನು ಯಾರದು ಅಂತ ಬಿಡಿಸೋದ್ರಲ್ಲೇ ಪಾಪ ಅದರ ತಲೆ ಕೆಡುತ್ತೆ.”

ನಮ್ಮಿಬ್ಬರದು ಮುಗಿಯಿತು ಎಂದು ಅವನು ಹೇಳಿ ವಾರವಾಯಿತು. ಆಫೀಸಿನಲ್ಲಿ ಯಾರಿಗೂ ಗೊತ್ತಿಲ್ಲ. ಇವತ್ತು ಅವನು ರಸ್ತೆಯ ಆಚೆ ಬದಿಯಲ್ಲಿ ನಡೆದ. ನಡುವೆ ಲಾರಿಗಳು ಹೋಗುತ್ತಿದ್ದವು. ಆ್ಯಂಟೆನಾ ನಮ್ಮನ್ನು ಸಲೀಸಾಗಿ ಬೇರೆ ಮಾಡಿತು.

“ನಿನ್ನ ಹೊಸ ಲೆಕ್ಕ ಗೆದ್ದಿತು ಕಣಮ್ಮ,” ಎಂದರು ಸಾಹೇಬರು. ಅವನು ನೆಲ ನೋಡುತ್ತಿದ್ದ.

ಲೆಕ್ಕ ಗೆದ್ದಿಲ್ಲ. ನಾವು ದೂರ ನಡೆದದ್ದಕ್ಕೆ ಬೋರ್ಡು ಕಾಯಲಿಲ್ಲ; ಹೀಗೇ ಅದನ್ನು ಊರಿಗೆ ಕಳಿಸಿದರೆ ಜನ ಒತ್ತಾಗಿ ನಿಲ್ಲುವ ಮೊದಲ ಬಸ್‌ ನಿಲ್ದಾಣದಲ್ಲೇ ಅದು ಕಾದು ಕೈಕೊಡುತ್ತದೆ. ನಾಳೆ ನಾನು ಬಾಯಿಬಿಡಲೇಬೇಕು. ಬಿಟ್ಟರೆ ಸಾಹೇಬರು, “ಸರಿ, ಮೊದಲಿನ ಹಾಗೇ ಪಕ್ಕಪಕ್ಕ ನಡೀರಿ,” ಎನ್ನುತ್ತಾರೆ. ಭುಜಕ್ಕೆ ಭುಜ ತಾಗುವಷ್ಟು ಹತ್ತಿರ.

ಕೆಲಸಕ್ಕೋಸ್ಕರ ಹೇಳುತ್ತಿದ್ದೇನೆ, ಅಷ್ಟೆ. ಬೇರೇನೂ ಇಲ್ಲ.

ಅವನು ಮೆಚ್ಚುತ್ತಿದ್ದ ನನ್ನ ನೀಲಿ ಅಂಗಿಯನ್ನು ಸಂಜೆಯೇ ಒಗೆದು ಒಣಹಾಕಿದ್ದೆ. ಇದನ್ನು ಬರೆಯುತ್ತಲೇ ಎರಡು ಸಲ ಎದ್ದುಹೋಗಿ ಮುಟ್ಟಿ ನೋಡಿ ಬಂದೆ. ತೋಳು ಇನ್ನೂ ಒದ್ದೆ.