ಅಂದು ಹಾಡಿದ ನಾವು

ಸೋಮವಾರ, 5 ಜನವರಿ 1998

ಮತ್ತೆ ಕಪ್ಪು ಬಟ್ಟೆ. ಸೊಂಟಕ್ಕೆ ನಮ್ಮ ಟೋಂಗಾ ಪದ್ಧತಿಯಂತೆ ಸುತ್ತಿಕೊಂಡ ಸೂತಕದ ದೊಡ್ಡ ಚಾಪೆ — ಕೂತರೆ ಚುಚ್ಚುತ್ತದೆ, ನಿಂತರೆ ಜಾರುತ್ತದೆ. ಪ್ರಾರ್ಥನಾ ವಾರದ ಮೊದಲ ಬೆಳಗು. ಚರ್ಚಿನ ಮರದ ನಗಾರಿ ಬಾರಿಸಿದ್ದೇ ತಡ, ಇಡೀ ಹಳ್ಳಿ ಆಕಳಿಸುತ್ತಾ ಹೊರಟಿತು. ಅಪ್ಪ ಇಲ್ಲದ ಮೊದಲ ಪ್ರಾರ್ಥನಾ ವಾರ. ಅವನು ಕೂರುತ್ತಿದ್ದ ಬೆಂಚಿನ ತುದಿಯಲ್ಲಿ ಯಾರೂ ಕೂರಲಿಲ್ಲ. ನೋಡಲಾಗದೆ ಕಿಟಕಿಯತ್ತ ತಿರುಗಿದೆ.

ಟೀ ಕುಡಿಯುವಾಗ ವಾಸಿ ಅತ್ತೆಯ ಅಪ್ಪಣೆ ಬಂತು. "ಲೆಸಿಯೇಲಿ, ಭಾನುವಾರ ನಿಮ್ಮಪ್ಪನ ಸಾಕ್ಷಿ ನೀನೇ ಹೇಳ್ಬೇಕು."

"ಆಗಲ್ಲ ಅತ್ತೆ. ನಾನೇ ನಂಬದೆ ಇರೋದನ್ನ ದೇವರ ಮನೇಲಿ ನಿಂತು ಹೇಳ್ಲಾ?"

"ಆ ನುಕುಅಲೊಫಾ ಪಟ್ಟಣದಲ್ಲಿ ಮಕ್ಕಳಿಗೆ ಸೈನ್ಸ್ ಹೇಳ್ಕೊಟ್ಟು ಹೇಳ್ಕೊಟ್ಟು ನಿನ್ ತಲೆ ಕೆಟ್ಟಿದೆ. ಹೇಳ್ತೀಯ, ಅಷ್ಟೆ."

ಅಪ್ಪನ ಅಕ್ಕ. ಅಪ್ಪನೇ ಅವಳೆದುರು ತುಟಿ ಬಿಚ್ಚುತ್ತಿರಲಿಲ್ಲ, ನಾನ್ಯಾವ ಲೆಕ್ಕ.

ಮಂಗಳವಾರ, 6 ಜನವರಿ — ಮಧ್ಯಾಹ್ನ

ಸೆಖೆ. ನಿದ್ದೆ ಇಲ್ಲ. ಅಪ್ಪನ ದನಿಯೇ ಕಿವಿಯಲ್ಲಿ.

ದೇವರು ತನ್ನನ್ನು ಕಾಪಾಡಿದ ಕಥೆಯನ್ನು ಚರ್ಚಿನಲ್ಲಿ ಎದ್ದು ನಿಂತು ಹೇಳುವುದೇ ಸಾಕ್ಷಿ; ಅಪ್ಪನದು ನನಗೆ ಬಾಯಿಪಾಠ. ನಾನು ಹಸುಗೂಸು, ಜ್ವರ, ಮೈ ಕೆಂಡ. ಗೆಣಸಿನ ತೋಟವಿದ್ದ ನಡುಗಡ್ಡೆಯಿಂದ ಅಪ್ಪ ಅಮ್ಮ ನನ್ನನ್ನೆತ್ತಿಕೊಂಡು ನರ್ಸಮ್ಮನ ಹತ್ತಿರ ಊರಿಗೆ ಓಡಿ ಬರುತ್ತಿದ್ದಾರೆ, ದೋಣಿಯಲ್ಲಿ. ಕತ್ತಲಾಯಿತು, ಗಾಳಿಗೆ ದೀಪ ಆರಿತು. ಹವಳದ ಬಂಡೆಗಳ ನಡುವಿನ ದಾರಿ ಕಾಣದು. "ಆಗ ನಾವು ಹಾಡಿದೆವು, ದೇವರು ದಾರಿ ತೋರಿಸಿದ" — ಅಷ್ಟು ಹೇಳಿ ಅತ್ತು ಕೂತುಬಿಡುತ್ತಿದ್ದ. ಪ್ರತಿ ವರ್ಷ.

ಅದರಲ್ಲೂ ಒಂದು ತಪ್ಪು. ನಮ್ಮ ಟೋಂಗಾ ಮಾತಿನಲ್ಲಿ ಕೇಳುವವರನ್ನು ಬಿಟ್ಟು 'ನಾವು' ಅನ್ನಲು 'ಮಾಉ', ಅವರನ್ನೂ ಸೇರಿಸಿಕೊಂಡರೆ 'ತಾಉ'. ಅಪ್ಪ 'ತಾಉ' ಅನ್ನುತ್ತಿದ್ದ. ಹೆಂಗಸರು ಕಿಸಕ್ಕನೆ ನಗುತ್ತಿದ್ದರು — "ಅಷ್ಟು ಸಣ್ಣ ದೋಣೀಲಿ ನಾವೆಲ್ಲ ಎಲ್ಲಪ್ಪಾ ಕೂತಿದ್ವಿ?" ಚಿಕ್ಕವಳಿದ್ದಾಗ ನಾನು ನಂಬಿಯೇ ಬಿಟ್ಟಿದ್ದೆ. ಇಡೀ ಹಳ್ಳಿ, ಹಂದಿಗಳ ಸಮೇತ, ಆ ದೋಣಿಯಲ್ಲಿತ್ತು ಅಂತ. ಎಷ್ಟು ಸುಖವಾಗಿತ್ತು ಆ ನಂಬಿಕೆ!

ಈಗ ಪುರಾವೆ ಬೇಕು. ಇಲ್ಲದಿದ್ದರೆ ಭಾನುವಾರ ನನ್ನ ನಾಲಿಗೆ ಏಳುವುದಿಲ್ಲ. ಅಮ್ಮ ಎಂದೋ ಹೋದಳು. ದೋಣಿಯಲ್ಲಿದ್ದವರಲ್ಲಿ ಉಳಿದಿರುವುದು ದೋಣಿ ನಡೆಸಿದವನು, ಪಯೆಯ, ಅವನೊಬ್ಬನೇ.

ಗುರುವಾರ, 8 ಜನವರಿ

ಪಯೆಯ ಮಾಮ ತೆಂಗಿನಕಾಯಿ ತುರಿಯುತ್ತಾ ಕೂತಿದ್ದ. ಕ್ಯಾಥೊಲಿಕ್. ನಮ್ಮ ಚರ್ಚಿನ ಮೆಟ್ಟಿಲು ಹತ್ತಿದವನಲ್ಲ, ಅಪ್ಪನ ಸಾಕ್ಷಿ ಕೇಳಿದವನೂ ಅಲ್ಲ.

"ಅವತ್ತು ದೋಣೀಲಿ ಯಾರ್ಯಾರು ಹಾಡಿದ್ರು ಮಾಮ?"

"ದೋಣೀಲಾ? ಯಾರೂ ಇಲ್ಲ. ನಿಮ್ಮಮ್ಮ ವಾಂತಿ ಮಾಡ್ತಿದ್ಲು. ನಿಮ್ಮಪ್ಪ ನಿನ್ನ ಅವಚಿಕೊಂಡು ಗಡಗಡ ನಡುಗ್ತಿದ್ದ. ನಾನು ಇಬ್ರನ್ನೂ ಬೈತಿದ್ದೆ."

ಅಪ್ಪ ಇಷ್ಟು ವರ್ಷ ಸುಳ್ಳು ಹೇಳಿದನೆ?

"ಹಾಡ್ತಿದ್ದದ್ದು ನಿಮ್ ಚರ್ಚಲ್ಲಿ. ಸಂಜೆ ಪ್ರಾರ್ಥನೆ. ನಾವು ಕಡಲಲ್ಲಿದ್ದೀವಿ ಅಂತ ಒಬ್ರಿಗೂ ಗೊತ್ತಿಲ್ಲ. ಆ ದನಿ ಕಿವಿಗೆ ಬಿತ್ತು ನೋಡು, ಅದನ್ನೇ ಹಿಡ್ಕೊಂಡು ಒಳಗೆ ಬಂದ್ವಿ. ದೇವರು ಅಂತೀಯೋ, ಗಾಳಿ ಅಂತೀಯೋ... ನಿನ್ನಿಷ್ಟ."

"ಇಷ್ಟು ದಿನ ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು?"

ಅಪ್ಪನ 'ತಾಉ' ತಪ್ಪಾಗಿರಲಿಲ್ಲ! ಹಾಡಿದವರು ಅವರೇ — ಆ ಬೆಂಚುಗಳಲ್ಲಿ ಕೂತು ನಗುತ್ತಿದ್ದವರೇ. ಬಿಡಿಸಿ ಹೇಳುವ ಮೊದಲೇ ಅವನಿಗೆ ಅಳು ಬಂದುಬಿಡುತ್ತಿತ್ತು, ಅಷ್ಟೆ. ದಾರಿಯುದ್ದಕ್ಕೂ ಅಳುತ್ತಾ ಬಂದೆ. ಅಪ್ಪ ಬೇಕು ಅನ್ನಿಸಿತು, ಈಗಿಂದೀಗ.

ಹೇಳುತ್ತೇನೆ. ದನಿ ನೀರಿನ ಮೇಲೆ ದೂರ ಸಾಗುತ್ತದೆ, ಅದನ್ನೂ ಹೇಳುತ್ತೇನೆ. ಮುಚ್ಚಿಡುವುದು ಏನೂ ಇಲ್ಲ.

ಭಾನುವಾರ, 11 ಜನವರಿ — ಊಟದ ನಂತರ

ಹೇಳಿದೆ. ಚರ್ಚು ಸಂತೆಯಾಯಿತು. ಎಲ್ಲರಿಗೂ ಅಂದಿನ ಸಂಜೆ ನೆನಪಾಗಿಬಿಟ್ಟಿತು. "ಕೇಳಿಸಿದ್ದು ನನ್ನ ದನೀನೇ ಇರ್ಬೇಕು" ಅಂದಳು ವಾಸಿ ಅತ್ತೆ. "ಹೌದಮ್ಮ, ನಿನ್ ದನಿ ಕೇಳಿದ್ರೆ ದೋಣಿ ವಾಪಸ್ ಹೋಗ್ತಿತ್ತು" ಅಂದರು ಯಾರೋ. ಪಾದ್ರಿಗಳೂ ನಕ್ಕರು. ಎಷ್ಟೋ ವರ್ಷದ ಮೇಲೆ ಮನೆಗೆ ಬಂದಂತಾಯಿತು.

ಆಗ ಅಕೆಸಾ ಎದ್ದಳು. ಅವಳ ಮಗ ಸೆಮಿಸಿ ಶಾಲೆಯಲ್ಲಿ ನನ್ನ ಜೊತೆಯವನು. ಇಂಥದೇ ಒಂದು ಪ್ರಾರ್ಥನಾ ವಾರದಲ್ಲಿ ಮೀನಿಗೆ ಹೋದವನು ಮರಳಲಿಲ್ಲ.

"ಸೆಮಿಸಿ ಹೋದ ಸಂಜೇನೂ ನಾವು ಹಾಡ್ತಿದ್ವಿ, ಮಗಳೇ. ಗಟ್ಟಿಯಾಗೇ ಹಾಡಿದ್ವಿ. ನೀನೂ ಇದ್ದೆ. ಅವನ್ಯಾಕೆ ಬರ್ಲಿಲ್ಲ?"

ಆಕ್ಷೇಪವಲ್ಲ. ಕೇಳಿದಳು, ಅಷ್ಟೆ. ಹೋಗಿ ಅವಳ ಪಕ್ಕ ಕೂತೆ. ಬೇರೇನು ಮಾಡಬೇಕೋ ತಿಳಿಯಲಿಲ್ಲ.

ಅವಳು ನನ್ನ ಕೈ ಹಿಡಿದುಕೊಂಡು ತಾನೇ ಹಾಡು ಎತ್ತಿದಳು. ದನಿ ಒಡೆದಿತ್ತು. ಉಳಿದವರು ಒಬ್ಬೊಬ್ಬರಾಗಿ ಸೇರಿದರು. ನಾನೂ ಬಾಯಿ ತೆರೆದೆ. ಸೆಮಿಸಿಗೆ ಅಂದು ನಮ್ಮ ಹಾಡು ಕೇಳಿಸಲೇ ಇಲ್ಲವೋ, ಇಲ್ಲಾ ಕೇಳಿಸಿಯೂ ದಾರಿ ಸಿಗಲಿಲ್ಲವೋ — ಆದರೂ ಗಟ್ಟಿಯಾಗೇ ಹಾಡಿದೆ, ಕಡಲಿಗೆ ಕೇಳಿಸುವಷ್ಟು.